ಕಲ್ಲಿನಲ್ಲಿ ಕಂಡ ಸಪ್ತರ್ಷಿಗಳು

ರಾಯಚೂರಿನಿಂದ ಉತ್ತರಾಭಿಮುಖವಾಗಿ ಹೊರಟ ರೈಲು ಕೃಷ್ಣಾನದಿಯ ಸೇತುವೆಯನ್ನು ದಾಟುತ್ತಲೇ ಕರ್ನಾಟಕದ ಎಲ್ಲೆ ಮುಗಿದು ತೆಲಂಗಾಣದ ನೆಲ ಮೊದಲಾಗುತ್ತದೆ. ಆ ಭಾಗದಲ್ಲಿ, ನಾರಾಯಣಪೇಟೆ ಜಿಲ್ಲೆಗೆ ಸೇರಿದ ಮುಡುಮಾಲ್ ಎಂಬುದೊಂದು ಗ್ರಾಮ. ಅದರ ಬಳಿಯ ಬಯಲಿಗೆ ಬಂದ ಪ್ರಯಾಣಿಕನು ಒಂದು ಕ್ಷಣ ಬೆರಗಾಗಿ ನಿಲ್ಲದಿರಲಾರನು. 10ರಿಂದ 14 ಅಡಿ ಎತ್ತರದ ಸುಮಾರು 80 ಕಲ್ಲುಗಳು, ಯಾರದೋ ಬರವನ್ನು ಕಾದಿರುವಂತೆ, ಅಲ್ಲಿ ನೆಟ್ಟಗೆ ನಿಂತಿವೆ. ಅವುಗಳ ಸುತ್ತ ಸಾಲುಗೊಂಡಿರುವ ಚಿಕ್ಕ ಕಲ್ಲುಗಳು ಸುಮಾರು 3,000. ಇವುಗಳಿಗೆ ಮೂರೂವರೆ ಸಾವಿರ ವರ್ಷಗಳಷ್ಟು ಪ್ರಾಯವಾಗಿರಬಹುದೆಂದು ವಿದ್ವಾಂಸರ ಅಂದಾಜು. ಊರಿನವರಿಗೆ ಮಾತ್ರ ಇವು ‘ನಿಲುರಾಳ್ಳ ತಿಮ್ಮಪ್ಪ’, ಅಂದರೆ ನಿಂತ ಕಲ್ಲುಗಳ ತಿಮ್ಮಪ್ಪ.

ಇಲ್ಲಿನ ಕೆಲವು ಸಾಲುಗಳು ಅಯನ ಹಾಗೂ ವಿಷುವದ ದಿನಗಳಲ್ಲಿ ಸೂರ್ಯನ ಉದಯಾಸ್ತಗಳ ದಿಕ್ಕಿಗೆ ಹೊಂದುತ್ತವೆಂದು ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರು ಅಧ್ಯಯನ ಮಾಡಿ ತಿಳಿಸಿದ್ದಾರೆ. ಆದರೆ ಅದಕ್ಕಿಂತಲೂ ಕುತೂಹಲ ಕೆರಳಿಸುವುದು ನೆಟ್ಟ ಚೌಕಾಕಾರದ ಒಂದು ಕಲ್ಲು. ಅದರ ಮೇಲೆ ಬಟ್ಟಲಿನಂಥ ಸುಮಾರು 30 ಕುಳಿಗಳನ್ನು ಕೊರೆಯಲಾಗಿದೆ. ಅವುಗಳಲ್ಲಿ ಸಪ್ತರ್ಷಿಮಂಡಲವೂ ಅದರ ಸುತ್ತಲಿನ ತಾರೆಗಳೂ ಮೂಡಿವೆಯೆಂದೂ, ತುದಿಯ ಎರಡು ಕುಳಿಗಳನ್ನು ಸೇರಿಸಿ ಗೆರೆ ಎಳೆದರೆ ಅದು ಧ್ರುವತಾರೆಯತ್ತ ಸಾಗುವುದೆಂದೂ ಹೇಳಲಾಗಿದೆ.

ಇದನ್ನು ನಂಬಬಹುದೆ? ಸೂರ್ಯನ ಸಾಕ್ಷ್ಯವನ್ನು ಪರೀಕ್ಷಿಸುವುದು ಸುಲಭ. ಗೊತ್ತಾದ ದಿನ, ಗೊತ್ತಾದ ಕಲ್ಲಿನ ಬಳಿ ನಿಂತು ನೋಡಿದರಾಯಿತು. ನಕ್ಷತ್ರಗಳ ಮಾತು ಹಾಗಲ್ಲ. 30 ಚುಕ್ಕೆಗಳಲ್ಲಿ ಬೇಕಾದ ಏಳನ್ನು ಆರಿಸಿಕೊಳ್ಳಬಲ್ಲ ಕಣ್ಣಿಗೆ ಬೇಕಾದ ಆಕೃತಿ ದೊರೆಯುವುದು ಕಷ್ಟವಲ್ಲ. ಅಲ್ಲದೆ, ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತು ಬರುವುದರಿಂದ, ಮೂರೂವರೆ ಸಾವಿರ ವರ್ಷಗಳ ಹಿಂದೆ ಇಂದಿನ ಧ್ರುವತಾರೆಯು ಧ್ರುವಸ್ಥಾನದಿಂದ ಬಹು ದೂರದಲ್ಲಿತ್ತು. ಆ ಕಾಲದ ಜನರು ಅದನ್ನು ದಿಕ್ಕಿನ ಗುರುತಾಗಿ ಬಳಸಿದ್ದರೆನ್ನಲು ಆಧಾರ ಸಾಲದು. ಆದರೂ ಸಪ್ತರ್ಷಿಗಳ ಆಕೃತಿ ಅಂದೂ ಬಹುಮಟ್ಟಿಗೆ ಹೀಗೆಯೇ ಇದ್ದಿತು. ಧ್ರುವಬಿಂದುವಿಗೆ ಅವರು ಇಂದಿಗಿಂತ ಸಮೀಪದಲ್ಲಿದ್ದರು. ಆದ್ದರಿಂದ ಧ್ರುವನ ಮಾತು ಬಿದ್ದುಹೋದರೂ ಸಪ್ತರ್ಷಿಗಳ ಮಾತು ಅದರೊಡನೆ ಬೀಳಬೇಕಾಗಿಲ್ಲ. ಅದು ಸಿದ್ಧವಾದ ಸತ್ಯವಲ್ಲ, ಅಲ್ಲಗಳೆಯಲಾಗದ ಊಹೆ.

2025ರಲ್ಲಿ ಮುಡುಮಾಲ್ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಈ ಗೌರವಕ್ಕಿಂತ ಮುಖ್ಯವಾದುದು ಪ್ರತಿಯೊಂದು ಕಲ್ಲೂ ಇದ್ದಲ್ಲಿಯೇ ಉಳಿಯುವುದು. ಇವನ್ನು ನೆಟ್ಟವರು ಒಂದಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ಕಲ್ಲು ನಿಂತ ಜಾಗವೇ ಅವರ ಬರಹ. ಉಳುಮೆಗೆ ಅಡ್ಡವೆಂದು ಒಂದನ್ನು ಕಿತ್ತು ಬದುವಿಗೆ ಹಾಕಿದರೂ ಆ ಬರಹದ ಒಂದು ಪದ ಅಳಿಸಿದಂತೆಯೇ. ಮತ್ತೆ ನೆಟ್ಟರೂ ಅದು ಸಾಕ್ಷ್ಯವಾಗದು.

ವೈಶಾಖದ ರಾತ್ರಿ ಬಯಲಿನ ಉತ್ತರಕ್ಕೆ ಸಪ್ತರ್ಷಿಗಳು ಮೇಲೇರಿರುತ್ತಾರೆ. ಕೆಳಗೆ ಕಲ್ಲುಗಳು ನಿಂತೇ ಇರುತ್ತವೆ. ಇವೆರಡರ ನಡುವಿನ ನಂಟನ್ನು ನಾಳಿನ ಸಂಶೋಧಕರು ಸಾಧಿಸಿ ತೋರಿಸಲಿ, ಇಲ್ಲವೆ ತಳ್ಳಿಹಾಕಲಿ. ಅಲ್ಲಿಯವರೆಗೆ ಕಲ್ಲುಗಳನ್ನು ಕದಲಿಸದೆ ಕಾಯುವುದು ಇಂದಿನವರ ಹೊಣೆ.