ಎಲೆಯ ಮೇಲಿನ ಅಂಗೈ

ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಮಕ್ಕಳಿಗೆ ಎಣ್ಣೆಸ್ನಾನ, ಬುಲೆಟ್ಟಿಗೆ ಪಾಯಿಂಟು ತಿಕ್ಕುವ ಸೇವೆ. ಧರೂರಿನ ಮನೆಮುಂದಿನ ಬೇವಿನ ನೆರಳಲ್ಲಿ ಅಪ್ಪ ಅದನ್ನು ಸ್ಟ್ಯಾಂಡಿಗೆ ಏರಿಸಿ, ಬಲಮಗ್ಗುಲಿನ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚುತ್ತಿದ್ದರು. ಒಳಗೆ ಗುಬ್ಬಿಯ ಕೊಕ್ಕಿನಂಥ ಎರಡು ಪಾಯಿಂಟು. ಕ್ಯಾಮ್ ತಳ್ಳಿದಾಗ ಕೊಕ್ಕು ತೆರೆಯುತ್ತದೆ, ಕಾಯಿಲ್‌ನ ಕರೆಂಟು ಕಡಿಯುತ್ತದೆ, ಕಡಿದ ಆ ಕ್ಷಣಕ್ಕೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಕೊಕ್ಕು ತೆರೆಯಬೇಕಾದದ್ದು 0.35ರಿಂದ 0.40 ಮಿಲಿಮೀಟರ್, ಅಷ್ಟೇ. ಕಿಡಿ ತಿಂದು ತಿಂದು ಒಂದು ಪಾಯಿಂಟಿನಲ್ಲಿ ಗುಂಡಿ, ಇನ್ನೊಂದರಲ್ಲಿ ಗುಡ್ಡೆ ಬೆಳೆದಿರುತ್ತಿತ್ತು. ಎಮರಿ ಪೇಪರ್ ಆಡಿಸಿ, ಸಿಗರೇಟಿನ ತೆಳುಕಾಗದವನ್ನು ಕೊಕ್ಕಿಗೆ ಕಚ್ಚಿಸಿ ಮೆಲ್ಲಗೆ ಎಳೆಯುತ್ತ ಟೈಮಿಂಗ್ ನೋಡುವುದು. ಕಾಗದ ಸಡಿಲವಾಗಿ ಕೈಗೆ ಬಂದ ಗಳಿಗೆಯೇ ಕಿಡಿಯ ಗಳಿಗೆ. ಅಪ್ಪ ಸಿಗರೇಟು ಸೇದುತ್ತಿರಲಿಲ್ಲ; ಆ ಕಾಗದಕ್ಕಾಗಿಯೇ ಪಕ್ಕದ ಮನೆಯ ಮಾಮನ ಸ್ನೇಹ ಉಳಿಸಿಕೊಂಡಿದ್ದರು ಎಂದು ಅವ್ವ ಈಗಲೂ ನಗುತ್ತಾಳೆ.

ಡಿಸ್ಟ್ರಿಬ್ಯೂಟರ್ ಎಂದರೆ ಹಂಚುವವನು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಅದು ಪಂಕ್ತಿಯಲ್ಲಿ ಬಡಿಸುವವನ ಹಾಗೆ ಒಬ್ಬೊಬ್ಬರ ಮುಂದೂ ನಿಂತು ಕಿಡಿ ಬಡಿಸುತ್ತದೆ. ಬುಲೆಟ್ಟಿಗೆ ಇರುವುದೇ ಒಂದು ಸಿಲಿಂಡರು. ಆದರೂ ಹೆಸರು ಹೋಗಿಲ್ಲ; ಉಣ್ಣುವವನು ಒಬ್ಬನೇ ಆದರೂ ಬಡಿಸುವವನು ಬಡಿಸುವವನೇ.

ಈ ಸೇವೆಯಿಂದ ನನಗೆ ಬಿಡುಗಡೆ ಬೇಕಾಯಿತು. ಅಪ್ಪ ಹೋದಮೇಲೆ ಗಾಡಿ ನನ್ನ ಕೈಗೆ ಬಂತು, ಅವರ ತಾಳ್ಮೆ ಬರಲಿಲ್ಲ. ತಿಂಗಳುಗಟ್ಟಲೆ ಮುಚ್ಚಳ ಬಿಚ್ಚದೆ ಓಡಿಸಿದೆ. ಒಂದು ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ದಾರಿಯಲ್ಲಿ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹತ್ತಿಹೊಲದ ಬದುವಿನ ಜಾಲಿಮರದ ಅರೆನೆರಳಲ್ಲಿ ಕೂತೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ ನಿಂತರೆ ಅದಕ್ಕೆ ಗಾಳಿಯೂ ಇಲ್ಲ. ಸಿಲಿಂಡರಿನ ಸುತ್ತಲಿನ ಪಟ್ಟಿಗಳು ಟಿಂಕ್, ಟಿಂಕ್ ಎಂದು ಒಂದೊಂದಾಗಿ ತಣ್ಣಗಾಗುತ್ತಿದ್ದವು. ಅಷ್ಟು ಹೊತ್ತು ಆ ಸದ್ದು ಕೇಳಿದ್ದು ಅದೇ ಮೊದಲು.

ನಮ್ಮ ಕಡೆಯವರ ರಿಪೇರಿಗಳೆಲ್ಲ ರಾಯಚೂರಿಗೇ. 1956ರ ತನಕ ನಮ್ಮ ಧರೂರಿರುವ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಗಡಿ ಸರಿಯಿತು. ನೆಂಟಸ್ತಿಕೆ, ದವಾಖಾನೆ, ಗ್ಯಾರೇಜು ಸರಿಯಲಿಲ್ಲ. ಅಪ್ಪನ ಕಾಲದ ಮೆಕ್ಯಾನಿಕ್ ಚಾಚಾ ಪಾಯಿಂಟು ನೋಡಿ ಹಲ್ಲು ಕಚ್ಚಿದರು. “ನಿನ್ ಕೈಲಿ ಆಗಂಗಿಲ್ಲ ಬೇಟಾ. ಎಲೆಕ್ಟ್ರಾನಿಕ್ ಹಾಕ್ಸಿಬಿಡು.”

ಹಾಕಿಸಿದೆ. ಕೊಕ್ಕಿನ ಜಾಗದಲ್ಲಿ ಒಂದು ಆಯಸ್ಕಾಂತ, ಒಂದು ಸೆನ್ಸರು. ಒಂದಕ್ಕೊಂದು ತಾಗುವುದಿಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಒಂದೇ ಕಿಕ್ಕಿಗೆ ಸ್ಟಾರ್ಟು. ಆದರೆ ಒಂದು ಹೋಯಿತು. ಮೊದಲು ಡಿಕಂಪ್ರೆಸರ್ ಹಿಡಿದು ಕಿಕ್ಕರನ್ನು ಮೆಲ್ಲಗೆ ಒತ್ತಿದರೆ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂದು ನಿಲ್ಲುತ್ತಿತ್ತು. ಪಾಯಿಂಟು ತೆರೆಯಿತು, ಈಗ ಒದೆ ಎಂಬ ಸನ್ನೆ ಅದು. ಹೊಸ ಕಿಟ್ಟು ಬಂದಮೇಲೆ ಮುಳ್ಳು ನನ್ನೊಡನೆ ಮಾತು ಬಿಟ್ಟಿದೆ.

ಕಿಟ್ಟಿನ ಡಬ್ಬಿಯಲ್ಲಿ ಇನ್ನೊಂದು ಸವಲತ್ತಿತ್ತು: ರೆವ್ ಲಿಮಿಟರ್. ಎಂಜಿನ್ ಇಷ್ಟು ಸುತ್ತು ದಾಟಿತೋ, ಕಿಡಿ ಬಂದ್. “ಎಷ್ಟಕ್ಕ ಇಡ್ಲಿ?” ಎಂದರು ಚಾಚಾ. ನನಗೆ ಉತ್ತರ ಹೊಳೆಯಲಿಲ್ಲ. ಹೆಚ್ಚು ಓಡುವುದಕ್ಕೆ ದುಡ್ಡು ಕೊಡುವುದು ಗೊತ್ತು, ಓಡದಿರುವುದಕ್ಕೂ ಕೊಡುವುದೇ?

ಮನೆಗೆ ಬಂದು ಲೆಕ್ಕ ಹಾಕಿದೆ. ಹಳೆಯ 350 ಬುಲೆಟ್ಟಿನ 18 ಅಶ್ವಶಕ್ತಿ ಪೂರ್ತಿ ಸಿಗುವುದು ನಿಮಿಷಕ್ಕೆ 5,625 ಸುತ್ತಿನಲ್ಲಿ. ಪಿಸ್ಟನ್ನು ಮೇಲೆ ಕೆಳಗೆ ಆಡುವ ದೂರ 90 ಮಿಲಿಮೀಟರ್. ಅಂದರೆ ಆ ವೇಗದಲ್ಲಿ ಅದು ಸೆಕೆಂಡಿಗೆ 187 ಸಲ ಪೂರಾ ನಿಂತು, ಮತ್ತೆ ಅಷ್ಟೇ ಸಲ ಹಿಂದಿರುಗಿ ಓಡಬೇಕು. ಸುತ್ತು ಎರಡು ಪಟ್ಟಾದರೆ ಕನೆಕ್ಟಿಂಗ್ ರಾಡಿನ ಮೇಲಿನ ಜಗ್ಗಾಟ ಎರಡಲ್ಲ, ನಾಲ್ಕು ಪಟ್ಟು. ಇನ್ನೂ ಹಿಂಡಿದರೆ ವಾಲ್ವಿನ ಸ್ಪ್ರಿಂಗಿಗೆ ಬಾಗಿಲು ಮುಚ್ಚಲು ಪುರುಸೊತ್ತು ಸಿಗುವುದಿಲ್ಲ. ಸಿಲಿಂಡರು ಕಾದು ಪಿಸ್ಟನ್ ಹಿಡಿದುಕೊಂಡರಂತೂ ಕಥೆ ಮುಗಿಯಿತು.

ಎಲೆಕ್ಟ್ರಾನಿಕ್ಸು ಬರುವ ಮೊದಲೂ ಈ ಕಡಿವಾಣವಿತ್ತು. ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911 ಕಾರಿನ ಡಿಸ್ಟ್ರಿಬ್ಯೂಟರಿನಲ್ಲಿ, ಕಿಡಿ ಬಡಿಸುತ್ತ ತಿರುಗುವ ರೋಟರಿಗೇ ಒಂದು ಸ್ಪ್ರಿಂಗು, ಒಂದು ಪುಟ್ಟ ತೂಕ ಕಟ್ಟಿರುತ್ತಿದ್ದರು. ಸುತ್ತು ಮಿತಿ ಮೀರಿದಾಗ ತೂಕ ಹೊರಕ್ಕೆ ಸಿಡಿದು ಕಿಡಿಯನ್ನು ಪ್ಲಗ್ಗಿಗೆ ಬಿಡದೆ ದಂಡಕ್ಕೇ ಇಳಿಸಿಬಿಡುತ್ತಿತ್ತು. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರದ ಮೇಲೆ ತಿರುಗಲು ಬಿಟ್ಟ ಎರಡು ಗುಂಡುಗಳ ಗವರ್ನರಿಗೂ ಇದೇ ಬುದ್ಧಿ: ವೇಗ ಏರಿದರೆ ಗುಂಡು ಅಗಲುತ್ತವೆ, ಅಗಲಿದರೆ ಉಗಿಯ ಬಾಯಿ ಕಿರಿದಾಗುತ್ತದೆ. ಅಷ್ಟು ದೂರ ಯಾಕೆ, ನಮ್ಮ ಮಂಡಲದ ರೇವುಲಪಲ್ಲಿಯ ಹತ್ತಿರ ಕೃಷ್ಣೆಗೆ ಕಟ್ಟಿದ ಜೂರಾಲ ಅಣೆಕಟ್ಟಿದೆ. ಅಲ್ಲಿ 39 ಮೆಗಾವಾಟಿನ ಆರು ಯಂತ್ರಗಳು. ತಂತಿಯ ಮೇಲಿನ ಹೊರೆ ಒಮ್ಮೆಲೇ ಕಳಚಿದರೆ ಟರ್ಬೈನು ಹುಚ್ಚೆದ್ದು ತಿರುಗದ ಹಾಗೆ ಗವರ್ನರು ನೀರಿನ ದಾರಿ ಮುಚ್ಚುತ್ತದೆ. ಕೃಷ್ಣೆಯಂಥ ಹೊಳೆಗೂ ಒಬ್ಬರು ಸಾಕು ಅನ್ನಬೇಕು.

ಸಾಕು ಅನ್ನುವುದೂ ಒಂದು ವಿದ್ಯೆ. ನಮ್ಮ ಕಡೆ ಮದುವೆ ಪಂಕ್ತಿಯಲ್ಲಿ ಬಾಯಲ್ಲಿ ಸಾಕು ಎಂದರೆ ಹೋಳಿಗೆ ಬಡಿಸುವವರ ಕಿವಿಗೆ ಬೀಳುವುದಿಲ್ಲ. ಬಿದ್ದರೂ ಅದು ‘ಇನ್ನೊಂದು’ ಎಂದು ಕೇಳಿಸುತ್ತದೆ. ಮುತ್ತಲ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಬೇಗ ಹಿಡಿದರೆ ಮುನಿಸು, ತಡವಾದರೆ ಅಂಗೈ ಮೇಲೆಯೇ ತುಪ್ಪ. ಡಬ್ಬಿಯೊಳಗಿನ ಲಿಮಿಟರೂ ಇಂಥದೇ ಅಂಗೈ. ಅದು ಕಿಡಿ ತಡೆದರೂ ಪೆಟ್ರೋಲು ನಿಲ್ಲುವುದಿಲ್ಲ. ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಢಂ ಎನ್ನುತ್ತದೆ.

ಮರುವಾರ ಚಾಚಾ ಮತ್ತೆ ಕೇಳಿದರು, “ನಿಮ್ಮಪ್ಪ ಎಷ್ಟಕ್ಕ ಸಾಕು ಅಂತಿದ್ರು?” ಅಪ್ಪನಿಗೆ ಸುತ್ತಿನ ಲೆಕ್ಕ ಗೊತ್ತಿರಲಿಲ್ಲ, ಆ ಗಾಡಿಗೆ ಸುತ್ತು ತೋರಿಸುವ ಮೀಟರೂ ಇಲ್ಲ. ಆದರೆ ಹ್ಯಾಂಡಲಿಗೆ ಒಂದು ದುಂಡು ಕನ್ನಡಿಯಿತ್ತು. ಬುಲೆಟ್ಟಿನ ವೇಗ ಏರಿದರೆ ಮೊದಲು ನಡುಗುವುದು ಅದೇ. ನನಗೆ ಗಾಡಿ ಕಲಿಸುವಾಗ ಅಪ್ಪ ಹಿಂದೆ ಕೂತು ಹೇಳಿದ್ದು ಒಂದೇ ಮಾತು: “ಕನ್ನಡ್ಯಾಗ ಹಿಂದ ಬರೋರ ಮಾರಿ ಕಾಣಬೇಕಪಾ. ಕಾಣಲಿಲ್ಲಂದ್ರ ಕೈ ಸಡ್ಲ ಬಿಡು.”

ಚಾಚಾ ನಕ್ಕು, ಡಬ್ಬಿಯ ಸ್ಕ್ರೂವನ್ನು ತಮಗೆ ತೋಚಿದಷ್ಟಕ್ಕೆ ತಿರುಗಿಸಿ ಮುಚ್ಚಿದರು. ಮೂರು ವರ್ಷವಾಯಿತು. ಅದು ಒಮ್ಮೆಯೂ ಕಿಡಿ ತಡೆದ ನೆನಪಿಲ್ಲ. ನಿನ್ನೆ ನಂದಿನ್ನೆಯ ದಾರಿಯಲ್ಲಿ ಮಗಳು ಹಿಂದೆ ಕೂತಿದ್ದಳು. ದಾರಿ ನೇರವಿತ್ತು, ಗಾಳಿ ತಂಪಿತ್ತು, ಕೈ ತಾನಾಗಿ ತಿರುಗಿತು. ಕನ್ನಡಿಯಲ್ಲಿ ಅವಳ ಮುಖ ಕಲಕಿದ ನೀರಿನ ನೆರಳಿನಂತಾಯಿತು. ಕೈ ಸಡಿಲ ಬಿಟ್ಟೆ. ಮೊದಲು ಮೂಗುಬೊಟ್ಟು ಕಂಡಿತು, ಆಮೇಲೆ ಅವಳು.