ಅರ್ಧ ಇಂಚಿನ ಲೆಕ್ಕ

ಜಯನಗರದ ಹಳೇ ಮನೆಯ ಬಾತ್‌ರೂಮು. ಒಳಗೆ ಬನ್ನಿ, ಗೋಡೆಗೆ ಒತ್ತಿಕೊಂಡು ನಿಲ್ಲಿ, ಮೂವರಿಗೆ ಜಾಗವಿಲ್ಲ. ಹಳೇ ಕಮೋಡನ್ನು ಯಾರೋ ನೆಲಕ್ಕೆ ಸಿಮೆಂಟ್ ಹಾಕಿ ಕೂರಿಸಿಬಿಟ್ಟಿದ್ದಾರೆ. ಪ್ಲಂಬರ್ ಅದರ ಬುಡದ ಸುತ್ತ ಉಳಿ ಇಟ್ಟು ಮೆತ್ತಗೆ ಏಟು ಹಾಕುತ್ತಾ ಬರುತ್ತಿದ್ದಾನೆ. ಪಿಂಗಾಣಿ ಒಡೆದರೆ ಒಡೆಯಲಿ, ಕೆಳಗಿನ ಪೈಪಿನ ಬಾಯಿ ಬಿರುಕು ಬಿಡಬಾರದು.

ಕಮೋಡ್ ಅಲ್ಲಾಡಿತು, ಎದ್ದಿತು. ಹಿಂದೆಯೇ ಗಪ್ಪನೆ ವಾಸನೆ. ಇಷ್ಟು ವರ್ಷ ಅದನ್ನು ತಡೆದು ನಿಲ್ಲಿಸಿದ್ದು ಟ್ರ್ಯಾಪಿನ ಬಾಗಿದ ಕತ್ತಿನಲ್ಲಿದ್ದ ಸುಮಾರು 2 ಇಂಚು ನೀರು, ಅಷ್ಟೇ. ಅವನು ತಡಮಾಡದೆ ಹಳೇ ಬಟ್ಟೆಯನ್ನು ಉಂಡೆ ಮಾಡಿ ಪೈಪಿಗೆ ತುರುಕುತ್ತಾನೆ, ತುದಿಯನ್ನು ಹೊರಗೇ ಬಿಟ್ಟು. ಒಂದು ಗಾರೆಚೂರು ಒಳಗೆ ಬಿದ್ದು ಬೆಂಡಿನಲ್ಲಿ ಕೂತರೆ ಮುಂದೆ ಬರುವುದೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬಗ್ಗಿ ನೋಡಿ. 4 ಇಂಚಿನ ಕಾಸ್ಟ್ ಐರನ್ ಪೈಪು. ಅಂಚಿನಲ್ಲಿ ತುಕ್ಕು ಹಪ್ಪಳದಂತೆ ಎದ್ದಿದೆ, ಒಳಗೋಡೆಗೆ ಕರಿ ಪದರ ಹತ್ತಿದೆ. ಕೆತ್ತಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಬಾಯಿಯ ಸುತ್ತ ಬೆರಳಾಡಿಸುತ್ತಾನೆ. ಒರಟಾಗಿ ಉಳಿದರೆ ಹೊಸ ಜೋಡಣೆಯ ರಬ್ಬರ್ ಹಿಡಿಯುವುದಿಲ್ಲ.

ಈಗ ಟೇಪು. ಟೈಲ್ಸಿನ ಮುಖದಿಂದ ಪೈಪಿನ ನಡುವಿಗೆ ಎಂಟೂವರೆ ಇಂಚು. ಹೊಸ ಕಮೋಡಿನ ಡಬ್ಬದ ಮೇಲೆ ಎಸ್ ಟ್ರ್ಯಾಪ್, 225 ಮಿ.ಮೀ. ಎಂದಿದೆ, ಅಂದರೆ 9 ಇಂಚು. ಮನೆ ಕಟ್ಟಿದಾಗ ಇಲ್ಲಿಯೂ 9 ಇದ್ದಿರಬೇಕು. ಆಮೇಲೆ ಹಳೇ ಟೈಲ್ಸಿನ ಮೇಲೆ ಹೊಸ ಟೈಲ್ಸ್ ಅಂಟಿಸಿದ್ದು ಅರ್ಧ ಇಂಚು ತಿಂದಿದೆ. ಅಂಗಡಿಗೆ ಹೋಗುವ ಮುಂಚೆಯೇ ಅಳೆಯಬೇಕು ಅನ್ನುವುದು ಇದಕ್ಕೇ: ಪೈಪ್ ನೆಲದಲ್ಲಿದ್ದರೆ ಎಸ್ ಟ್ರ್ಯಾಪ್, ಗೋಡೆಯಲ್ಲಿದ್ದರೆ ಪಿ ಟ್ರ್ಯಾಪ್, ಆಮೇಲೆ ದೂರ. ಬಣ್ಣ, ಆಕಾರ ಎಲ್ಲ ಆಮೇಲೆ.

ನೆಲ ಒಡೆಯೋಣವೇ ಎಂದು ಮನೆಯವರು ಕೇಳುತ್ತಾರೆ. ಬೇಡ. ಪ್ಲಂಬರ್ ಚೀಲದಿಂದ ಆಫ್‌ಸೆಟ್ ಕನೆಕ್ಟರ್ ತೆಗೆಯುತ್ತಾನೆ. ಅದರ ಮೇಲಿನ ಬಾಯಿ ಕೆಳಗಿನದಕ್ಕಿಂತ ಕೊಂಚ ಪಕ್ಕಕ್ಕಿದೆ. ಅರ್ಧ ಇಂಚಿಗೆ ಇದು ಸಾಕು. 2 ಇಂಚು ವ್ಯತ್ಯಾಸವಿದ್ದಿದ್ದರೆ ಕಮೋಡನ್ನೇ ಬದಲಾಯಿಸಿ ಎನ್ನುತ್ತಿದ್ದೆ.

ಮೊದಲು ಒಣದಾಗಿ ಕೂರಿಸಿ, ಪೆನ್ಸಿಲ್ ಗುರುತು, ಲೆವೆಲ್, ಡ್ರಿಲ್. ಬಳಿಕ ಬಟ್ಟೆ ತೆಗೆದು, ಕನೆಕ್ಟರಿನ ರಬ್ಬರಿಗೆ ಸೋಪಿನ ನೀರು ಸವರುತ್ತಾನೆ. ಗ್ರೀಸ್ ಮುಟ್ಟುವುದಿಲ್ಲ, ಅದು ರಬ್ಬರನ್ನು ಹಾಳುಮಾಡುತ್ತದೆ. ಅವನೂ ಸಹಾಯಕನೂ ಕಮೋಡನ್ನು ಹಿಡಿದು ನೇರ ಇಳಿಸುತ್ತಾರೆ. ರಬ್ಬರಿನ ಮಡಿಕೆಗಳು ಒಂದೊಂದಾಗಿ ಒಳಗೆ ಹೋಗುವುದು ಅಂಗೈಗೆ ತಿಳಿಯುತ್ತದೆ. ಸ್ಕ್ರೂಗಳನ್ನು ಆಚೆ ಈಚೆ ಸಮವಾಗಿ ಬಿಗಿಸಿ, ಹಿಡಿತ ಸಿಕ್ಕಿದೊಡನೆ ನಿಲ್ಲಿಸಿ. ಇನ್ನೊಂದು ಸುತ್ತು ಅಂದರೆ ಪಿಂಗಾಣಿ ಚಿಟ್ ಎನ್ನುತ್ತದೆ.

ಒಂದು ಬಕೆಟ್ ನೀರು ಒಮ್ಮೆಲೇ ಸುರಿದಾಯಿತು. ಹಿಂಬದಿಯ ಸಂದಿಗೆ ಕೈ ತೂರಿಸಿ ಟಿಶ್ಯೂ ಒತ್ತಿ ತೆಗೆಯುತ್ತಾನೆ. ಒಣಗಿದೆ. ಮತ್ತೊಂದು ಬಕೆಟ್, ಮತ್ತೆ ಟಿಶ್ಯೂ.

ಸಹಾಯಕನ ಕೈ ಬಿಳಿ ಸಿಮೆಂಟಿನ ಪೊಟ್ಟಣಕ್ಕೆ ಹೋಗುತ್ತದೆ. ಅದು ಬೇಡವೇ ಬೇಡ. ಮುಂದೆ ತೆಗೆಯಬೇಕಾದವನ ಪಾಡು ಬೆಳಿಗ್ಗೆಯಷ್ಟೇ ನೋಡಿದೆವು. ಸಿಲಿಕೋನ್ ಎಳೆಯಲಿ, ಮುಂದೆ ಮತ್ತು ಎರಡೂ ಪಕ್ಕ.

"ಹಿಂದೆ ಬಿಟ್ಟೋಗಿದೆಯಲ್ಲ?" ಮನೆಯವರು ತೋರಿಸುತ್ತಾರೆ.

"ಬೇಕಂತಲೇ ಬಿಟ್ಟಿದ್ದು. ಜಾಯಿಂಟ್ ಸೋರಿದರೆ ನೀರು ಅಲ್ಲಿಂದ ಆಚೆ ಬರಬೇಕು, ನಿಮ್ಮ ಕಣ್ಣಿಗೆ ಬೀಳಬೇಕು. ನಾಳೆವರೆಗೆ ಯಾರೂ ಕೂರಬೇಡಿ."