ಬಿಸ್ಕತ್ತಿನ ಹೂಗುಚ್ಛ

ದೇವರ ಗುಡಿಗೆ, ಗುರುವಿನ ಮನೆಗೆ, ಬಸುರಿಯನ್ನು ನೋಡಲು, ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಲಕತ್ತೆಯವರು ಈ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದ್ದಾರೆ. ಇಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವಂತಿಲ್ಲ. ಸಂಜೆಯ ಬಸ್ಸಿನಲ್ಲಿ ಕುಳಿತು ಸುತ್ತ ನೋಡಿದರೆ ಯಾರಾದರೊಬ್ಬರ ತೊಡೆಯ ಮೇಲೆ ಮಿಠಾಯಿಯ ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಸರ್ಕಾರವು 2001ರಲ್ಲಿ ಊರಿನ ಹೆಸರನ್ನು ಕೋಲ್ಕತ್ತ ಎಂದು ತಿದ್ದಿತು. ನಮ್ಮ ಮನೆಗಳಲ್ಲಿ ಅದು ಇನ್ನೂ ಕಲಕತ್ತೆಯೇ. ಹೆಸರು ಯಾವುದಾದರೇನು, ಪೆಟ್ಟಿಗೆ ಮಾತ್ರ ಬದಲಾಗಿಲ್ಲ.

ಈಚೆಗೆ ಇಲ್ಲಿನ ಮಕ್ಕಳ ಹುಟ್ಟುಹಬ್ಬಗಳಲ್ಲಿ ಹೊಸದೊಂದು ಉಡುಗೊರೆ ಕಾಣತೊಡಗಿದೆ. ಬಿಸ್ಕತ್ತುಗಳನ್ನು ಹೂವಿನಂತೆ ಕತ್ತರಿಸಿ, ಬೇಯಿಸಿ, ಕಡ್ಡಿಗೆ ಸಿಕ್ಕಿಸಿ, ಕುಂಡದಲ್ಲಿ ನೆಟ್ಟು ಗೊಂಚಲು ಮಾಡಿ ಕೊಡುತ್ತಾರೆ. ಈ ಪದ್ಧತಿ ಪಶ್ಚಿಮದ್ದು, ನಿಜ. ಆದರೆ ತಿಂಡಿಗೆ ಹೂವಿನ ರೂಪ ಕೊಟ್ಟು ಪ್ರೀತಿಯವರಿಗೆ ಕಳಿಸುವ ವಿದ್ಯೆ ಕಲಕತ್ತೆಗೆ ಹೊಸದಲ್ಲ. ನಮಗಂತೂ ಹೊಸದಲ್ಲವೇ ಅಲ್ಲ.

ಬಂಗಾಳಿ ಮದುವೆಯೊಂದನ್ನು ನೋಡಿದವರಿಗೆ ‘ತತ್ತ್ವ’ ಗೊತ್ತಿರುತ್ತದೆ. ಇದು ವೇದಾಂತದ ತತ್ತ್ವವಲ್ಲ, ಬೀಗರು ಬೀಗರಿಗೆ ಕಳಿಸುವ ತಟ್ಟೆಗಳ ಸಾಲು. ಅರಿಸಿನ ಹಚ್ಚುವ ದಿನ ವರನ ಮನೆಯಿಂದ ವಧುವಿನ ಮನೆಗೆ ಒಂದು ಸಾಲು, ಮದುವೆಯಾದ ಮೇಲೆ ವಧುವಿನ ಮನೆಯಿಂದ ವರನ ಮನೆಗೆ ಇನ್ನೊಂದು ಸಾಲು ಹೋಗುತ್ತದೆ. ಸೀರೆಯನ್ನು ನವಿಲಿನಂತೆಯೋ ಚಿಟ್ಟೆಯಂತೆಯೋ ಮಡಿಸಿರುತ್ತಾರೆ. ಒಂದು ತಟ್ಟೆಯಲ್ಲಿ ದೊಡ್ಡ ಮೀನು ಮೂಗುತಿ ಇಟ್ಟುಕೊಂಡು, ಕೆಂಪು ಬಟ್ಟೆ ಹೊದ್ದು ಮದುವಣಗಿತ್ತಿಯಂತೆ ಮಲಗಿರುತ್ತದೆ. ನಮ್ಮಲ್ಲಿನ ಸಸ್ಯಾಹಾರಿಗಳು ಮೊದಲ ಸಲ ಬೆಚ್ಚುವುದುಂಟು. ಪಕ್ಕದ ತಟ್ಟೆಯಲ್ಲೇ ಛಾನಾದಿಂದ, ಅಂದರೆ ಹಾಲನ್ನು ಒಡೆಸಿ ನೀರು ಬಸಿದು ತೆಗೆದ ಮುದ್ದೆಯಿಂದ ಮಾಡಿದ ಸಂದೇಶ್ ಮೀನೂ ಇರುತ್ತದೆ. ಆ ಮೀನನ್ನು ನಾವೂ ತಿನ್ನಬಹುದು! ‘ಸಂದೇಶ’ ಎಂದರೆ ಸುದ್ದಿ. ಸುದ್ದಿಯ ಹೆಸರನ್ನೇ ಸಿಹಿಗೆ ಇಟ್ಟಿರುವ ಈ ಜನರಿಗೆ ತಿಂಡಿಯೂ ಒಂದು ಬಗೆಯ ಮಾತೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮೀನು, ಶಂಖ, ಹೂವುಗಳ ಮೂಲವನ್ನು ನೋಡಬೇಕೆನ್ನುವವರು ಗಿರೀಶ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿಳಿದು ಹಳೆಯ ಚಿತ್ಪುರ ರಸ್ತೆಗೆ ಹೋಗಬೇಕು. ಈಗ ಅದರ ಹೆಸರು ರವೀಂದ್ರ ಸರಣಿ. ಕವಿ 1861ರಲ್ಲಿ ಹುಟ್ಟಿ 1941ರಲ್ಲಿ ಕಣ್ಣು ಮುಚ್ಚಿದ ಜೋಡಾಸಾಂಕೋ ಮನೆ ಇರುವುದು ಈ ರಸ್ತೆಗೆ ಸೇರಿದ ಓಣಿಯಲ್ಲೇ. ಅದೇ ರಸ್ತೆಯ ನೂತನ್ ಬಜಾರಿನಲ್ಲಿ ಸಂದೇಶಿನ ಮರದ ಅಚ್ಚುಗಳು ಸಿಗುತ್ತವೆ. ಅಂಗೈಯಗಲದ ಹಲಗೆಯಲ್ಲಿ ತಾವರೆ, ಎಲೆ, ಮೀನು, ಶಂಖಗಳನ್ನು ಕೊರೆದಿರುತ್ತಾರೆ. ಕೆಲವದರಲ್ಲಿ ಮದುವೆಯ ಶುಭಾಶಯದ ಅಕ್ಷರಗಳೂ ಉಂಟು. ಅಚ್ಚಿನಲ್ಲಿ ತಿರುಗುಮುರುಗಾಗಿರುವ ಅಕ್ಷರ ಸಿಹಿಯ ಮೇಲೆ ನೆಟ್ಟಗಾಗುತ್ತದೆ. ಹಿಂದಿನ ಕಾಲದ ಕಲ್ಲಿನ ಮತ್ತು ಮಣ್ಣಿನ ಅಚ್ಚುಗಳೂ ಇದ್ದವು. ಸಿಹಿಗೆ ಮಾತ್ರವಲ್ಲ, ಮಾವಿನ ಹಣ್ಣಿನ ಹಪ್ಪಳಕ್ಕೂ ಅವನ್ನು ಬಳಸುತ್ತಿದ್ದರು.

ಅಚ್ಚೇ ಇಲ್ಲದ ವಿದ್ಯೆಯೂ ಒಂದಿದೆ. ಮೇದಿನಿಪುರದ ಕಡೆಯ ಹೆಂಗಸರು ಉದ್ದಿನಬೇಳೆಯನ್ನು ನುಣ್ಣಗೆ ರುಬ್ಬಿ, ನೊರೆಯಾಗುವಂತೆ ಬಡಿದು, ತೂತಿರುವ ಬಟ್ಟೆಯಲ್ಲಿ ತುಂಬಿ, ಗಸಗಸೆ ಹರಡಿದ ತಟ್ಟೆಯ ಮೇಲೆ ಓಲೆ, ಸರ, ಬಳೆಗಳ ಆಕಾರದಲ್ಲಿ ಸುರುಳಿ ಬಿಡುತ್ತಾರೆ. ಚಳಿಗಾಲದ ಬಿಸಿಲಿನಲ್ಲಿ ಒಣಗಿದ ಇದಕ್ಕೆ ‘ಗಯನಾ ಬೋಡಿ’, ಅಂದರೆ ಒಡವೆಯ ಬೋಡಿ ಎಂದು ಹೆಸರು. ರವೀಂದ್ರನಾಥರು ಇದನ್ನು ಬಹುವಾಗಿ ಮೆಚ್ಚಿದ್ದರು. ಹೇಳಿ ಕೇಳಿ ಇದು ನಮ್ಮ ಸಂಡಿಗೆಯ ಅಕ್ಕ!

ಬಿಸ್ಕತ್ತಿನ ಕಡೆಗೆ ಬರೋಣ. ಒಲೆಯಲ್ಲಿ ಬೇಯಿಸುವ ತಿಂಡಿಗೂ ಇಲ್ಲಿ ಹಳೆಯ ಮನೆತನವಿದೆ. 1874ರಲ್ಲಿ ತೆರೆದ ನ್ಯೂ ಮಾರ್ಕೆಟ್ಟಿನೊಳಗೆ ನಾಹೂಮ್ ಅಂಗಡಿ ಇದೆ. ಬಾಗ್ದಾದಿನ ಕಡೆಯಿಂದ ಬಂದ ಯಹೂದಿ ಮನೆತನವು 1902ರಲ್ಲಿ ಆರಂಭಿಸಿದ ವ್ಯಾಪಾರ ಅದು. ಡಿಸೆಂಬರಿನಲ್ಲಿ ಅಲ್ಲಿ ಕೇಕಿಗಾಗಿ ನಿಲ್ಲುವ ಸಾಲಿನಲ್ಲಿ ಎಲ್ಲ ಮತದವರೂ ಇರುತ್ತಾರೆ. ಇನ್ನೂ ಸ್ವಾರಸ್ಯವಾದದ್ದು ತಾಲ್ತಲಾ ಕಡೆಯ ಪದ್ಧತಿ. ಕ್ರಿಸ್‌ಮಸ್ಸಿಗೆ ಮೊದಲು ಕ್ರೈಸ್ತ ಕುಟುಂಬಗಳು ತಮ್ಮ ಹಿಟ್ಟು, ಬೆಣ್ಣೆ, ಒಣಹಣ್ಣುಗಳನ್ನು ತಾವೇ ಬೇಕರಿಗೆ ಒಯ್ದು, ಕಣ್ಣೆದುರಿಗೇ ಕಲಸಿಸಿ, ಸೌದೆಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುತ್ತಾರೆ. ಭಟ್ಟಿ ಬೇಕರಿಯವನದು, ಕೇಕು ಮನೆಯದು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ಇದೇ ವಂಶದ್ದಲ್ಲವೆ? ಎರಡು ಹೋಳಿನ ಮರದ ಅಚ್ಚನ್ನು ನೆನೆಸಿಟ್ಟು, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹದ ನೋಡಿ ಹೊಯ್ದರೆ ಆನೆ, ನವಿಲು, ಬೃಂದಾವನಗಳು ಬಿಳಿಯಾಗಿ ಎದ್ದು ನಿಲ್ಲುತ್ತವೆ. ಮೈಸೂರಿನ ಕಡೆ ಮದುವೆಗಳಲ್ಲಿ ಕೊಬ್ಬರಿ ಬಟ್ಟಲಿನ ಮೇಲೆ ಕುಸುರಿ ಕೆಲಸ ಮಾಡುವ ಕೈಗಳೂ ಇದ್ದವು. ಪ್ರವಾಸದ ಬದುಕಿನಲ್ಲಿ ಇವೆಲ್ಲ ಮೊದಲು ಕಳೆದುಹೋಗುವ ಸಾಮಾನುಗಳು. ವರ್ಗವಾದಾಗ ಪಾತ್ರೆ ಬರುತ್ತದೆ, ಅಚ್ಚು ಊರಿನ ಅಟ್ಟದಲ್ಲೇ ಉಳಿಯುತ್ತದೆ. ಈಗ ಎಳ್ಳುಬೆಲ್ಲವೂ ಅಚ್ಚೂ ಪೊಟ್ಟಣದಲ್ಲಿ ಅಂಚೆಯ ಮೂಲಕ ಬಂದಿಳಿಯುತ್ತವೆ. ತಪ್ಪೇನೂ ಇಲ್ಲ, ಆದರೆ ಆ ಪೊಟ್ಟಣವನ್ನು ಬೀರುವುದು ಯಾರಿಗೆ? ಒಂದೊಂದು ಕಟ್ಟಡದಲ್ಲಿ ಕನ್ನಡದ ಮನೆ ಒಂದಿದ್ದರೆ ಹೆಚ್ಚು. ಇನ್ನೊಂದು ಕನ್ನಡ ಮನೆಗೆ ಬಸ್ಸು ಹಿಡಿಯಬೇಕು. ಎರಡು ವರ್ಷ ಹೋಗುತ್ತೇವೆ, ಮೂರನೆಯ ವರ್ಷ ದೂರವಾಣಿಯಲ್ಲೇ ಶುಭಾಶಯ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆಗ ಸಂಕ್ರಾಂತಿ ಎಂದರೆ ಡಬ್ಬಿಯಲ್ಲಿರುವ ಒಂದು ಮಿಶ್ರಣ, ಅಷ್ಟೆ. ಬೀರುವವರಿಲ್ಲದ ಎಳ್ಳು ಒಂದು ತಲೆಮಾರು ಕೂಡ ಬಾಳುವುದಿಲ್ಲ.

ಆದ್ದರಿಂದ ಈ ಸಲ ಎಳ್ಳನ್ನು ಪಕ್ಕದ ಬಂಗಾಳಿ ಮನೆಗಳಿಗೇ ಬೀರೋಣ; ಬಿಸ್ಕತ್ತಿನ ಹೂಗುಚ್ಛವನ್ನು ಅದರ ವಾಹನ ಮಾಡಿಕೊಳ್ಳೋಣ. ಛಾನಾದ ಹೂವು ಕಡ್ಡಿಯ ಮೇಲೆ ನಿಲ್ಲದು, ಮರುದಿನಕ್ಕೆ ಹುಳಿಯಾಗುತ್ತದೆ. ಬಿಸ್ಕತ್ತು ಗಟ್ಟಿ ಆಳು. ಮಾಡುವ ಕ್ರಮ ಹೀಗೆ: ಮೈದಾ 250 ಗ್ರಾಂ, ಬೆಣ್ಣೆ 125 ಗ್ರಾಂ, ಪುಡಿಸಕ್ಕರೆ 100 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ. ಬೆಣ್ಣೆ ಸಕ್ಕರೆಗಳನ್ನು ನಾದಿ, ಹಿಟ್ಟು ಸೇರಿಸಿ, ಎರಡು ಮೂರು ಚಮಚ ತಣ್ಣನೆಯ ಹಾಲಿನಲ್ಲಿ ಮುದ್ದೆ ಕಟ್ಟಿ. ಸೋಡಾ ಬೇಡ, ಹಾಕಿದರೆ ಬಿಸ್ಕತ್ತು ಉಬ್ಬಿ ಅಚ್ಚಿನ ಗೆರೆ ಅಳಿಸಿಹೋಗುತ್ತದೆ. ಮುದ್ದೆಯನ್ನು ಅರ್ಧ ಗಂಟೆ ತಣ್ಣಗಿಟ್ಟು, ಹಿಟ್ಟು ಉದುರಿಸಿದ ಸಂದೇಶಿನ ಅಚ್ಚಿಗೆ ಒತ್ತಿ, ತಟ್ಟಿ ಬಿಡಿಸಿ. 12 ಹೂವಾಗುತ್ತವೆ. ಬಿದಿರಿನ ಕಡ್ಡಿಗಳನ್ನು ನೀರಿನಲ್ಲಿ ನೆನೆಸಿಟ್ಟು, ಹಸಿ ಬಿಸ್ಕತ್ತಿನ ಅರ್ಧದವರೆಗೆ ಚುಚ್ಚಿ, 170 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸಿ. ಅಂಚು ತುಸು ಕೆಂಪಾದರೆ ಸಾಕು. ಪೂರ್ತಿ ಆರುವ ತನಕ ಎತ್ತಬೇಡಿ. ಬಿಸಿಯಲ್ಲಿ ಎತ್ತಿದರೆ ಹೂವು ತಟ್ಟೆಯಲ್ಲಿ, ಕಡ್ಡಿ ಕೈಯಲ್ಲಿ! ಮನೆಯಲ್ಲಿ ಒಲೆ ಇಲ್ಲದವರು ತಾಲ್ತಲಾದವರಂತೆ ಪರಿಚಯದ ಬೇಕರಿಯವನನ್ನು ಕೇಳಿ ನೋಡಬಹುದು.

ಕುಂಡಕ್ಕೆ ಹಣ ಕೊಡಬೇಕಾಗಿಲ್ಲ. ಸಿಹಿಮೊಸರು ತಂದ ಮಣ್ಣಿನ ಮಡಕೆಯನ್ನು ತೊಳೆದು ಒಣಗಿಸಿದರೆ ಅದಕ್ಕಿಂತ ಚೆಲುವಾದ ಕುಂಡ ಬೇರೆ ಇಲ್ಲ. ತಳದಲ್ಲಿ ಕಾಗದ ಸುತ್ತಿದ ಗಟ್ಟಿ ಚಪಾತಿ ಹಿಟ್ಟಿನ ಉಂಡೆ ಇಟ್ಟು ಕಡ್ಡಿಗಳನ್ನು ನೆಡಿ. ಮೇಲೆ ಎಳ್ಳುಬೆಲ್ಲದ ಪುಟ್ಟ ಪೊಟ್ಟಣಗಳನ್ನು ಜೋಡಿಸಿ. ಇಲ್ಲಿನ ಮಳೆಗಾಲದಲ್ಲಿ ಬಿಸ್ಕತ್ತು ಅರ್ಧ ದಿನಕ್ಕೇ ಮೆತ್ತಗಾಗುತ್ತದೆ. ಜನವರಿಯ ಒಣ ಹವೆ ಈ ಕೆಲಸಕ್ಕೆಂದೇ ಇದೆ. ಇದು ಹೆಂಗಸರ ಕೆಲಸವೆಂದು ಗಂಡಸರು ಪತ್ರಿಕೆ ಹಿಡಿದು ಕೂರಬಾರದು. ಒತ್ತುವುದು ಮಕ್ಕಳಿಗೆ, ಕಡ್ಡಿ ಚುಚ್ಚುವುದು ತಂದೆಗೆ, ಹದ ನೋಡುವುದು ತಾಯಿಗೆ ಎಂದು ಹಂಚಿಕೊಂಡರೆ ಒಂದು ಸಂಜೆಯ ಕೆಲಸ. ಕೊಡಲು ಮಾತ್ರ ಮಕ್ಕಳನ್ನೇ ಕಳಿಸಿ. ಇದೇನೆಂದು ಪಕ್ಕದ ಮನೆಯ ಮಾಶೀಮಾ ಕೇಳಿಯೇ ಕೇಳುತ್ತಾರೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬುದನ್ನು ನಮ್ಮ ಮಗು ಆಗ ತನ್ನ ಬಾಯಿಂದಲೇ, ಬಂಗಾಳಿಯಲ್ಲಿ ವಿವರಿಸಬೇಕಾಗುತ್ತದೆ. ವಿವರಿಸಬೇಕಾದರೆ ಮೊದಲು ಮನೆಯಲ್ಲಿ ಕನ್ನಡದಲ್ಲಿ ಕೇಳಿ ತಿಳಿದುಕೊಂಡಿರಬೇಕು.

ಬಂಗಾಳಿಗಳಿಗೂ ಅದು ಪೌಷ ಸಂಕ್ರಾಂತಿ. ಅವರ ಮನೆಯಲ್ಲೂ ಅಂದು ಅಕ್ಕಿಹಿಟ್ಟು, ತೆಂಗಿನಕಾಯಿ, ಖರ್ಜೂರದ ಹೊಸ ಬೆಲ್ಲದ ಪೀಠೆ ಬೇಯುತ್ತಿರುತ್ತದೆ. ಆ ಊರಿನ ರೀತಿಯಂತೆ ಮಡಕೆ ಬರಿದಾಗಿ ಹಿಂದಿರುಗುವುದಿಲ್ಲ.